ಪಲಾದಿನೊ ಅವರ ಕಲೆ ನೋಡಲು ಬೆನೆವೆಂತೊಗೆ ಹೋಗಿ

ಇಟಲಿಯ ಕಲಾವಿದ ಮಿಮ್ಮೊ ಪಲಾದಿನೊ ಅವರ ಚಿತ್ರ, ಶಿಲ್ಪ ನೋಡಬೇಕು ಅಂತ ಇಟಲಿಗೆ ಹೊರಡುವವರು ಮೊದಲು ಮಿಲಾನ್, ವೆನಿಸ್ ಅಂತ ಲೆಕ್ಕ ಹಾಕುತ್ತಾರೆ. ನಾನು ಹೇಳುವುದು ಬೇರೆ. ನೇಪಲ್ಸ್‌ಗೆ ಹೋಗಿ, ಅಲ್ಲಿಂದ ಒಳನಾಡಿನ ಬೆನೆವೆಂತೊಗೆ ರೈಲು ಹಿಡಿಯಿರಿ. ಒಂದು ರಾತ್ರಿಯಾದರೂ ಅಲ್ಲಿ ಉಳಿಯಿರಿ. ಅವರು ಹುಟ್ಟಿದ್ದು ಆ ಊರಿನ ಪಕ್ಕದ ಪಾದುಲಿಯಲ್ಲಿ, 1948ರಲ್ಲಿ. ಓದಿದ್ದು ಬೆನೆವೆಂತೊದ ಕಲಾಶಾಲೆಯಲ್ಲಿ. ಅವರ ಚಿತ್ರಗಳಲ್ಲಿ ಬರುವ ಆ ಭಾವವಿಲ್ಲದ ಮುಖಗಳು, ಕುದುರೆಗಳು, ಮುಖವಾಡಗಳು ಎಲ್ಲಿಂದ ಬಂದವು ಅನ್ನುವುದು ಈ ಊರು ಸುತ್ತಿದ ಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ವೀಸಾ ಮಾತು. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲೇ ಕೊಡಬಹುದು. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ತಡ ಮಾಡಬೇಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಕಾಲ. ಆಗಸ್ಟ್ ಮಾತ್ರ ಬೇಡ. ಬಿಸಿಲು ಜಾಸ್ತಿ, ಮೇಲಾಗಿ 15ನೇ ತಾರೀಖಿನ ಹಬ್ಬದ ಆಸುಪಾಸು ಅರ್ಧ ಊರು ಬಾಗಿಲು ಹಾಕಿರುತ್ತದೆ.

ನೇಪಲ್ಸ್‌ನಿಂದ ಬೆನೆವೆಂತೊಗೆ ನೇರ ರೈಲು ಕಡಿಮೆ. ಹೆಚ್ಚಿನವಕ್ಕೆ ಕಸೆರ್ತಾದಲ್ಲಿ ಇಳಿದು ಬದಲಾಯಿಸಬೇಕು. ಸುಮಾರು ಒಂದೂವರೆ ಗಂಟೆ, ಕಾಯುವುದು ಸೇರಿದರೆ ಇನ್ನೂ ಸ್ವಲ್ಪ. ರೋಮ್‌ನಿಂದ ಬರುವವರಿಗೆ ಇನ್ನೂ ಸುಲಭ: ಪೂರ್ವ ಕರಾವಳಿಯ 'ಬಾರಿ' ಊರಿನ ಕಡೆ ಹೋಗುವ ವೇಗದ ರೈಲುಗಳು ಬೆನೆವೆಂತೊದಲ್ಲಿ ನಿಲ್ಲುತ್ತವೆ. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕಾಗುತ್ತದೆ.

ಸ್ಟೇಷನ್ ಹೊರಗೆ ಬಂದರೆ ಮೊದಲು ಕಾಣುವುದು ಸ್ಟ್ರೇಗಾ ಮದ್ಯದ ಹಳೇ ಕಾರ್ಖಾನೆ. 1860ರಿಂದ ಇದೆ. ಇಟಲಿಯ ದೊಡ್ಡ ಸಾಹಿತ್ಯ ಪ್ರಶಸ್ತಿಗೆ ಈ ಹಳದಿ ಮದ್ಯದ ಹೆಸರೇ ಇಟ್ಟಿದ್ದಾರೆ! ಅಲ್ಲಿಂದ ಹಳೇ ಊರಿಗೆ ನಡೆದೇ ಹೋಗಬಹುದು. ಚಕ್ರದ ಸೂಟ್‌ಕೇಸ್ ಇದ್ದರೆ ಕಲ್ಲುಹಾಸಿನ ಬೀದಿಯಲ್ಲಿ ಪಾಡು ಪಡಬೇಕು, ಸಾಮಾನು ಕಡಿಮೆ ಇರಲಿ.

ಈಗ ಮುಖ್ಯ ಮಾತು. ಪಲಾದಿನೊ ತಮ್ಮ ಶಿಲ್ಪಗಳನ್ನಿಟ್ಟ ತೋಟವೊಂದು ಇಲ್ಲಿದೆ, ಅದನ್ನು ಮೊದಲೇ ನೋಡಬೇಡಿ. ಅದನ್ನು ಮಧ್ಯಾಹ್ನದ ಮೇಲಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಸಾಂತಾ ಸೋಫಿಯಾ ಚರ್ಚ್‌ನಿಂದ ಶುರು ಮಾಡಿ. 8ನೇ ಶತಮಾನದಲ್ಲಿ ಲೊಂಗೊಬಾರ್ಡ್ ಎಂಬ ಜರ್ಮಾನಿಕ್ ಜನಾಂಗದ ದೊರೆ ಅರೇಕಿಸ್ ಕಟ್ಟಿಸಿದ್ದು, 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹೊರಗಿನಿಂದ ಚಿಕ್ಕದು. ಒಳಗೆ ಹಳೇ ರೋಮನ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಸನ್ನಿಯೊ ಮ್ಯೂಸಿಯಂ, ಅದರ ಅಂಗಳದ ಸುತ್ತ 12ನೇ ಶತಮಾನದ ಕಂಬಗಳು. ಪ್ರತಿ ಕಂಬದ ತಲೆಯ ಮೇಲೂ ಬೇರೆ ಬೇರೆ ಕೆತ್ತನೆ: ಮೃಗಗಳು, ಬೇಟೆ, ಹೊಲದ ಕೆಲಸ. ಅವಸರ ಮಾಡದೆ ಒಂದೊಂದನ್ನೂ ನೋಡಿ. ಕಣ್ಣು ಅರಳಿಸಿ ಸುಮ್ನೆ ನಿಂತಿರುವ ಮುಖಗಳನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಚಿತ್ರ: ಈ ಊರಲ್ಲಿ ಈಜಿಪ್ಟ್ ಶಿಲ್ಪಗಳಿವೆ. ರೋಮನ್ ಚಕ್ರವರ್ತಿ ಡೊಮಿಷಿಯನ್ ಇಲ್ಲಿ ಈಜಿಪ್ಟಿನ ಐಸಿಸ್ ದೇವಿಗೆ ಗುಡಿ ಕಟ್ಟಿಸಿದ್ದ. ಅದರ ಕಲ್ಲುಗಳು ಊರಿನ ಸಂಗ್ರಹಾಲಯಗಳಲ್ಲಿವೆ, ಒಂದು ಕಲ್ಲುಕಂಬ ಚೌಕದ ಮಧ್ಯೆಯೇ ನಿಂತಿದೆ. ಕ್ರಿ.ಶ. 114ರ ಟ್ರಾಜನ್ ಕಮಾನು ಹತ್ತಿರದಲ್ಲೇ ಇದೆ. ಇಷ್ಟೆಲ್ಲ ಒಂದು ಕಿಲೋಮೀಟರ್ ಒಳಗೇ. ಒಬ್ಬ ಹುಡುಗ ಇವುಗಳ ಮಧ್ಯೆ ಚಿತ್ರ ಬರೆಯಲು ಕಲಿತ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಊಟಕ್ಕೆ ಹೋಗಿ.

ಸಸ್ಯಾಹಾರಿಗಳಿಗೆ ಕಷ್ಟವೇನಿಲ್ಲ, ಆದರೆ ಕೇಳಿ ತಿನ್ನಬೇಕು. ತರಕಾರಿ ಸೂಪ್ ಎಂದರೂ ಅದಕ್ಕೆ ಕೋಳಿಯ ಸಾರು ಹಾಕಿರಬಹುದು, ಇಲ್ಲಿನ ಕಾರ್ದೋನೆ ಅನ್ನುವ ದಂಟಿನ ತರಕಾರಿಯ ಸೂಪ್ ಹಾಗೇ. 'ಸೆಂಜಾ ಕಾರ್ನೆ, ಸೆಂಜಾ ಪೆಶೆ' ಅಂದರೆ ಮಾಂಸ, ಮೀನು ಬೇಡ ಅಂತ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರು ಅದನ್ನೂ ಬೇಡ ಅನ್ನಿ. ಮರಿನಾರಾ ಪಿಜ್ಜಾದಲ್ಲಿ ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಚೀಸ್ ಇರುವುದಿಲ್ಲ. ಇಲ್ಲಿನ ತೊರ್ರೋನೆ ಮಿಠಾಯಿ ಮನೆಗೆ ತರಲು ಚೆನ್ನಾಗಿದೆ. ಅದರಲ್ಲಿ ಮೊಟ್ಟೆಯ ಬಿಳಿಭಾಗ ಇರುತ್ತದೆ, ಅಜ್ಜಿಗೆ ಕೊಡುವ ಮುಂಚೆ ಹೇಳಿಬಿಡಿ.

ಈಗ ತೋಟಕ್ಕೆ. 'ಓರ್ತುಸ್ ಕೊಂಕ್ಲೂಸುಸ್', ಅಂದರೆ ಗೋಡೆಯೊಳಗಿನ ತೋಟ. ಸಾನ್ ದೊಮೆನಿಕೊ ಮಠದ ಹಿತ್ತಲಲ್ಲಿ 1992ರಲ್ಲಿ ಪಲಾದಿನೊ ಮಾಡಿದ್ದು. ಮುಖ್ಯ ಬೀದಿ ಕೊರ್ಸೊ ಗರಿಬಾಲ್ದಿಯಿಂದ ಒಳಗೆ ತಿರುಗಬೇಕು. ಬೋರ್ಡ್ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಯಾರನ್ನಾದರೂ ಕೇಳಿ. ತೆರೆಯುವ ಹೊತ್ತು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ಹೋಟೆಲಿನಲ್ಲಿ ವಿಚಾರಿಸಿಕೊಳ್ಳಿ.

ಒಳಗೆ ಹೋದರೆ ಎತ್ತರದ ಗೋಡೆಯ ಮೇಲೆ ಕಂಚಿನ ಕುದುರೆ, ಮುಖಕ್ಕೆ ಚಿನ್ನದ ಬಣ್ಣದ ಮುಖವಾಡ. ಕೆಳಗೆ ದೊಡ್ಡ ಕಂಚಿನ ತಟ್ಟೆ, ಅದರ ತುಂಬ ಗೀಚಿದ ಗುರುತುಗಳು. ಸಣಕಲು ಮನುಷ್ಯಾಕೃತಿಗಳು, ತಲೆಗಳು, ನೀರು. ನಡುನಡುವೆ ನಿಜವಾದ ರೋಮನ್ ಕಂಬದ ತುಂಡುಗಳು. ಯಾವುದು ಎರಡು ಸಾವಿರ ವರ್ಷದ್ದು, ಯಾವುದು 1992ರದ್ದು ಅಂತ ಥಟ್ಟನೆ ಹೇಳಲು ಆಗುವುದಿಲ್ಲ. ಬೆಳಿಗ್ಗೆ ಅಂಗಳದ ಕಂಬಗಳಲ್ಲಿ ನೋಡಿದ ಮುಖಗಳೇ ಇಲ್ಲಿ ಕಂಚಿಗೆ ಇಳಿದಿವೆ. ನನಗಂತೂ ಅವರ ದೊಡ್ಡ ಪ್ರದರ್ಶನದ ಶಿಲ್ಪಗಳಿಗಿಂತ ಈ ಹಿತ್ತಲೇ ಇಷ್ಟ. ವಿವರಣೆಯ ಫಲಕಗಳನ್ನು ನೆಚ್ಚಿಕೊಂಡು ಹೋಗಬೇಡಿ, ಸ್ವಲ್ಪ ಓದಿಕೊಂಡು ಹೋದರೆ ಒಳ್ಳೆಯದು.

ಓದಿಕೊಳ್ಳಬೇಕಾದದ್ದು ಇಷ್ಟು. 1964ರಲ್ಲಿ, ಹದಿನೈದರ ಹರೆಯದಲ್ಲಿ, ಪಲಾದಿನೊ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಗೆ ಹೋಗಿ, ಜಾಹೀರಾತು, ದಿನಬಳಕೆಯ ವಸ್ತುಗಳನ್ನೇ ಕಲೆಗೆ ತಂದ ಅಮೆರಿಕದ ಪಾಪ್ ಕಲೆ ನೋಡಿದರು. ಅಮೆರಿಕದ ಕಲಾವಿದ ರಾಷನ್‌ಬರ್ಗ್ ಅಲ್ಲಿ ದೊಡ್ಡ ಬಹುಮಾನ ಗೆದ್ದ ವರ್ಷ ಅದು. 70ರ ದಶಕದಲ್ಲಿ ಇಟಲಿಯಲ್ಲಿ ಬ್ರಷ್ ಹಿಡಿಯುವುದೇ ಹಳೇ ಫ್ಯಾಷನ್ ಅನಿಸಿಕೊಂಡಿತ್ತು. ಆಲೋಚನೆ ಮುಖ್ಯ, ಚಿತ್ರ ಯಾಕೆ ಅನ್ನುವ ಕಾಲ. ಅಂಥದ್ದರಲ್ಲಿ 1977ರಲ್ಲಿ ಅವರು ಒಂದು ಚಿತ್ರ ಬರೆದು, 'ಸದ್ದಿಲ್ಲದೆ ಚಿತ್ರ ಬರೆಯಲು ಹೋಗುತ್ತಿದ್ದೇನೆ' ಅನ್ನುವ ಅರ್ಥದ ಹೆಸರನ್ನೇ ಇಟ್ಟರು. ವಿಮರ್ಶಕ ಅಕಿಲ್ಲೆ ಬೊನಿತೊ ಒಲಿವಾ ಹೀಗೆ ಮತ್ತೆ ಬ್ರಷ್ ಹಿಡಿದ ಐವರನ್ನು ಸೇರಿಸಿ 'ಟ್ರಾನ್ಸ್‌ಅವಾಂಗ್ವಾರ್ದಿಯಾ' (ಹೊಸತನದ ಪಂಥಗಳನ್ನು ದಾಟಿದ್ದು ಅನ್ನುವ ಅರ್ಥ) ಅಂತ ಕರೆದರು. 1980ರ ವೆನಿಸ್ ಬಿಯೆನಾಲೆಯಿಂದ ಅದು ಜಗತ್ತಿಗೇ ಗೊತ್ತಾಯಿತು. ಆ ಐವರಲ್ಲಿ ಫ್ರಾಂಚೆಸ್ಕೊ ಕ್ಲೆಮೆಂತೆ ಕೂಡ ಒಬ್ಬರು. ಅವರು ಚೆನ್ನೈನಲ್ಲಿ ವಾಸವಿದ್ದು ಕೆಲಸ ಮಾಡಿದವರು, ನಮ್ಮವರು ಕೆಲವರಿಗೆ ಹೆಸರು ಗೊತ್ತಿರುತ್ತದೆ. ಪಲಾದಿನೊ ಕಂಚಿನ ಕೆಲಸಕ್ಕೆ ಗಟ್ಟಿಯಾಗಿ ಇಳಿದದ್ದು 80ರ ದಶಕದ ಮಧ್ಯದಲ್ಲಿ.

ಸಂಜೆ ಕೊರ್ಸೊದಲ್ಲಿ ಸುತ್ತಾಡಿ. ನಮ್ಮ ರಥಬೀದಿಯ ಹಾಗೆ ಇಡೀ ಊರೇ ಅಲ್ಲಿಗೆ ಬರುತ್ತದೆ.

ಪಾದುಲಿಗೆ ಹೋಗಬೇಕಾ? ಬೆಟ್ಟದ ಮೇಲಿನ ಪುಟ್ಟ ಊರು. ಅವರ ಸ್ಟುಡಿಯೊ ಅಲ್ಲಿದೆ, ಆದರೆ ಅದು ಕೆಲಸದ ಜಾಗ, ಸಂಗ್ರಹಾಲಯವಲ್ಲ. ಹೋಗಿ ಬಾಗಿಲು ಬಡಿಯಬೇಡಿ. ಕಾರು ಇದ್ದರೆ ಹೊಲಗಳ ನಡುವಿನ ದಾರಿಗಾಗಿ ಹೋಗಿ ಬನ್ನಿ, ಬಸ್ಸನ್ನೇ ನಂಬಿದವರು ಬಿಟ್ಟುಬಿಡಿ.

ನೇಪಲ್ಸ್‌ಗೆ ವಾಪಸ್ ಬಂದ ಮೇಲೆ ಸಮಕಾಲೀನ ಕಲೆಯ ಮಾದ್ರೆ ಮ್ಯೂಸಿಯಂ ನೋಡಿ. ಮಂಗಳವಾರ ರಜೆ. ಮೇಲಿನ ಮಹಡಿಯ ತಾರಸಿಯಲ್ಲಿ ಪಲಾದಿನೊ ಅವರ ಕುದುರೆ ಇದೆ, ಕ್ಲೆಮೆಂತೆ ಗೋಡೆಗೆ ಬರೆದ ಚಿತ್ರಗಳಿರುವ ಕೋಣೆಗಳೂ ಅದೇ ಕಟ್ಟಡದಲ್ಲಿ. ನಂತರ ಪ್ಲೆಬಿಶಿತೊ ಚೌಕಕ್ಕೆ ನಡೆಯಿರಿ. ಅದು ಹಿಂದೆ ಕಾರು ನಿಲ್ಲಿಸುವ ಮೈದಾನವಾಗಿತ್ತು. 1994ರ ಜಿ7 ಸಭೆಯ ಹೊತ್ತಿಗೆ ಕಾರುಗಳನ್ನು ಎತ್ತಿಸಿದರು. ಮರುವರ್ಷ ಕ್ರಿಸ್‌ಮಸ್‌ಗೆ ಪಲಾದಿನೊ ಅಲ್ಲಿ ಉಪ್ಪಿನ ಬೆಟ್ಟವನ್ನೇ ಎಬ್ಬಿಸಿ, ಅದರಲ್ಲಿ ಕಪ್ಪು ಕುದುರೆಗಳನ್ನು ಅರ್ಧ ಹೂತರು. ಈಗ ಅಲ್ಲಿ ಏನೂ ಉಳಿದಿಲ್ಲ, ಖಾಲಿ ಚೌಕ.

ಆ ಬೆಟ್ಟದ ಶಾಶ್ವತ ರೂಪ ನೋಡಬೇಕೆಂದರೆ ಸಿಸಿಲಿಯ ಜಿಬೆಲ್ಲೀನಾಕ್ಕೆ ಹೋಗಬೇಕು. 1968ರ ಭೂಕಂಪದಲ್ಲಿ ನೆಲಸಮವಾಗಿ ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದ ಊರು ಅದು. 1990ರಲ್ಲಿ ನಾಟಕವೊಂದರ ರಂಗಸಜ್ಜಿಕೆಗೆ ಅಂತ ಮಾಡಿದ್ದು ಅಲ್ಲೇ ಉಳಿದುಕೊಂಡಿದೆ. ಪಲೆರ್ಮೊದಿಂದ ಕಾರು ಬಾಡಿಗೆಗೆ ತಗೊಳ್ಳುವುದೇ ಸರಿ. ಇನ್ನೂ ಸಮಯವಿದ್ದರೆ ಲಂಪೆದೂಸಾ ದ್ವೀಪಕ್ಕೆ ಪಲೆರ್ಮೊದಿಂದಲೇ ವಿಮಾನವಿದೆ. ಸಮುದ್ರ ದಾಟುವಾಗ ಸತ್ತ ವಲಸಿಗರ ನೆನಪಿಗೆ ಪಲಾದಿನೊ 2008ರಲ್ಲಿ ನಿಲ್ಲಿಸಿದ ಸುಮಾರು ಐದು ಮೀಟರ್ ಎತ್ತರದ ಬಾಗಿಲು ಅಲ್ಲಿದೆ, ಹೆಸರು 'ಪೋರ್ತಾ ದೆವ್ರೋಪಾ', ಅಂದರೆ ಯುರೋಪಿನ ಬಾಗಿಲು. ವಿಮಾನ ನಿಲ್ದಾಣಕ್ಕೆ ಹತ್ತಿರವೇ, ಕಲ್ಲು ನೆಲ, ಮರದ ನೆರಳಿಲ್ಲ. ಟೋಪಿ, ನೀರು ತಗೊಂಡು ಹೋಗಿ.