ಪಲ್ಪರ್ ಶಾಫ್ಟ್: ಈ ಮಳೆಗಾಲದಲ್ಲಿ ಇಲ್ಲಿಯವರೆಗೆ ಆದದ್ದು

ಜುಲೈ 6

ಸೋಮವಾರಪೇಟೆ ಕಡೆ ಮಳೆ ಹಿಡಿದು ವಾರವಾಯಿತು. ತೋಟಕ್ಕೆ ಇಳಿಯುವ ಹಾಗಿಲ್ಲ. ಹೋದ ಡಿಸೆಂಬರ್‌ನಲ್ಲಿ ಮುರಿದ ಕೌಂಟರ್ ಶಾಫ್ಟನ್ನು ಇವತ್ತು ಮೇಜಿನ ಮೇಲೆ ತಂದಿಟ್ಟೆ. ಮೋಟರಿಗೂ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೂ ನಡುವೆ ತಿರುಗುವ ದಂಡ ಇದು. ಅರೇಬಿಕಾ ಹಣ್ಣು ಕೊಯ್ದು ತಂದ ಸಂಜೆಯೇ ಮುರಿದಿತ್ತು. ಹಣ್ಣನ್ನು ರಾಶಿಯಲ್ಲೇ ಬಿಟ್ಟರೆ ಬಿಸಿಯೇರಿ ಹುಳಿ ಬರುತ್ತದೆ. ಪಕ್ಕದ ತೋಟದವರು ರಾತ್ರಿ ತಮ್ಮ ಪಲ್ಪರ್ ಬಿಟ್ಟುಕೊಟ್ಟಿದ್ದರಿಂದ ಬಚಾವಾದೆವು.

ಗ್ರೀಸ್ ಒರೆಸಿ, ಮುರಿದ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಮುಕ್ಕಾಲು ಭಾಗ ನುಣುಪು. ಅದರ ಮೇಲೆ ಕಪ್ಪೆಚಿಪ್ಪಿನಲ್ಲಿ ಇರುವಂಥ ಬಾಗಿದ ಗೆರೆಗಳು, ಒಂದರ ಹಿಂದೆ ಒಂದು. ಉಳಿದ ಕಾಲು ಭಾಗ ಕಲ್ಲುಸಕ್ಕರೆ ಮುರಿದ ಹಾಗೆ ತರಿತರಿ. ಅಂದರೆ ಒಂದೇ ಏಟಿಗೆ ಮುರಿದದ್ದಲ್ಲ. ಬಿರುಕು ತುಂಬಾ ದಿನದಿಂದ ಮೆಲ್ಲಗೆ ಒಳಗೆ ಹೋಗುತ್ತಿತ್ತು. ಅದು ಹುಟ್ಟಿದ್ದು ಬೇರಿಂಗ್ ಕೂರುವ 25 ಮಿ.ಮೀ. ಭಾಗ 32ಕ್ಕೆ ಏರುವ ಮೂಲೆಯಲ್ಲಿ. ಹಿಂದೆ ತಿರುವಿ ಕೊಟ್ಟವರು ಆ ಮೂಲೆಯನ್ನು ಚೂಪಾಗಿ ಬಿಟ್ಟಿದ್ದರು. ಉಗುರು ಇಟ್ಟರೆ ಸಿಕ್ಕಿಕೊಳ್ಳುತ್ತದೆ.

ಜುಲೈ 11

ಕಂಪ್ಯೂಟರಿಗೆ ಮೊದಲು ಕಾಗದ. ಮೋಟರ್ 2 ಎಚ್‌ಪಿ, 1440 ಆರ್‌ಪಿಎಂ. ಮೋಟರಿಗೆ 3 ಇಂಚಿನ ಪುಲ್ಲಿ, ಶಾಫ್ಟಿಗೆ 12 ಇಂಚು. ಹಾಗಾಗಿ ಶಾಫ್ಟ್ ನಿಮಿಷಕ್ಕೆ 360 ಸುತ್ತು, ಟಾರ್ಕ್ (ತಿರುಚುವ ಬಲ) ಸುಮಾರು 40 ನ್ಯೂಟನ್ ಮೀಟರ್. ಶಾಫ್ಟಿನ ಇನ್ನೊಂದು ತುದಿಯ 5 ಇಂಚಿನ ಪುಲ್ಲಿಯಿಂದ ಪಲ್ಪರಿಗೆ ಬೆಲ್ಟ್.

ದೊಡ್ಡ ಪುಲ್ಲಿಯ ಕಡೆಗೇ ಭಾರ ಜಾಸ್ತಿ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ತಿರುಗಾಮುರುಗ. ಟಾರ್ಕ್ ಎರಡಕ್ಕೂ ಒಂದೇ, ಪುಲ್ಲಿ ಚಿಕ್ಕದಾದಷ್ಟೂ ಬೆಲ್ಟ್ ಎಳೆಯುವ ಬಲ ಹೆಚ್ಚು. ಬೆಲ್ಟಿನ ಎರಡೂ ಎಳೆ ಸೇರಿ 12 ಇಂಚಿನ ಕಡೆ ಸುಮಾರು 650 ನ್ಯೂಟನ್ ಆದರೆ, 5 ಇಂಚಿನ ಕಡೆ 1560. ಅದೂ ಬೇರಿಂಗಿನಿಂದ 95 ಮಿ.ಮೀ. ಆಚೆ ನೇತಾಡುತ್ತಿತ್ತು. ಮುರಿದದ್ದೂ ಅದೇ ಕಡೆ. ಬರೀ ಬಾಗುವಿಕೆಯಿಂದಲೇ 25 ಮಿ.ಮೀ. ಭಾಗದ ಮೇಲೆ ಚದರ ಮಿ.ಮೀ.ಗೆ 96 ನ್ಯೂಟನ್, ಚೂಪು ಮೂಲೆಯಲ್ಲಿ ಅದರ ಎರಡೂವರೆ ಪಟ್ಟು ಅಂತ ಇಟ್ಟುಕೊಳ್ಳಿ. ಪ್ರತಿ ಸುತ್ತಿಗೂ ಅಲ್ಲಿನ ಲೋಹ ಒಮ್ಮೆ ಹಿಗ್ಗಬೇಕು, ಒಮ್ಮೆ ಕುಗ್ಗಬೇಕು. ಪಾಪ, ಎಷ್ಟು ದಿನ ತಡೆದೀತು?

ಪುಲ್ಲಿಯನ್ನು 60 ಮಿ.ಮೀ.ಗೆ ಹತ್ತಿರ ತಂದು, ಬೇರಿಂಗ್ ಕೂರುವ ಸೀಟನ್ನು 30 ಮಾಡಿದರೆ 96 ಇದ್ದದ್ದು 35ಕ್ಕೆ ಇಳಿಯುತ್ತದೆ.

ಜುಲೈ 19

ಕಂಪ್ಯೂಟರಿನಲ್ಲಿ ಬಿಡಿಭಾಗಗಳನ್ನು ಬರೆಯುವ ತಂತ್ರಾಂಶ ಫ್ರೀಕ್ಯಾಡ್ ತೆರೆದೆ. ನನ್ನ ರೀತಿ ಹೀಗೆ: ಶಾಫ್ಟ್ ಬರೆದು ಬೇರಿಂಗ್ ಹುಡುಕುವುದಲ್ಲ, ಅಂಗಡಿಯಲ್ಲಿ ಸಿಗುವ ಬೇರಿಂಗ್ ಹಿಡಿದು ಶಾಫ್ಟ್ ಬರೆಯುವುದು. 6206 ನಂಬರಿನ ಬೇರಿಂಗ್ ಎಲ್ಲಾ ಕಡೆ ಸಿಗುತ್ತದೆ. ಒಳಗೆ 30, ಹೊರಗೆ 62, ಅಗಲ 16. ಇದನ್ನೆಲ್ಲ ಸ್ಪ್ರೆಡ್‌ಶೀಟಿನಲ್ಲಿ ಹೆಸರು ಕೊಟ್ಟು ಇಟ್ಟೆ. ಅರ್ಧ ಶಾಫ್ಟಿನ ಗೆರೆ ಬರೆದು, ಆ ಹೆಸರುಗಳನ್ನೇ ಅಳತೆಗೆ ಕಟ್ಟಿ, ಸುತ್ತ ತಿರುಗಿಸಿದೆ. ಒಂದು ಅಂಕಿ ಬದಲಿಸಿದರೆ ಇಡೀ ಶಾಫ್ಟ್ ತಾನೇ ಸರಿಹೊಂದುತ್ತದೆ. ಎಷ್ಟು ಸಲ ನೋಡಿದರೂ ಖುಷಿ.

ಪುಲ್ಲಿ ಕೂರುವ ಜಾಗ 28 ಮಿ.ಮೀ. ಪುಲ್ಲಿ ಶಾಫ್ಟಿನ ಮೇಲೆ ಜಾರದ ಹಾಗೆ ನಡುವೆ ಕೂರಿಸುವ ಲೋಹದ ತುಂಡು ಕೀ. ಭಾರತೀಯ ಮಾನಕ ಐಎಸ್ 2048ರ ಪಟ್ಟಿಯಲ್ಲಿ 22 ದಾಟಿ 30ರ ತನಕದ ಶಾಫ್ಟಿಗೆ ಕೀ 8×7. ಶಾಫ್ಟಿನಲ್ಲಿ ಕೀವೇ (ಕೀ ಕೂರುವ ಕಾಲುವೆ) ಆಳ 4.

ಆಗಸ್ಟ್ 3

ಇವತ್ತು ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಮಾಡುವ ದಿನ. ಮನೆ ತುಂಬಾ ಮದ್ದುಸೊಪ್ಪಿನ ಘಮ. ಪಾಯಸ ತಿಂದು ಕೂತವನಿಗೆ ಎರಡು ತಪ್ಪು ಕಣ್ಣಿಗೆ ಬಿದ್ದವು.

ಒಂದು, ಗಟ್ಟಿಯಾಗಲಿ ಅಂತ ಮೂಲೆಗೆ 2 ಮಿ.ಮೀ. ರೇಡಿಯಸ್ಸಿನ ದುಂಡು ಕೊಟ್ಟಿದ್ದೆ. ಪರದೆಯ ಮೇಲೆ ಬೇರಿಂಗನ್ನು ಜೋಡಿಸಿ, ಉದ್ದಕ್ಕೆ ಸೀಳಿ ನೋಡಿದರೆ ಅದು ಭುಜಕ್ಕೆ (ದಪ್ಪ ಭಾಗ ಶುರುವಾಗುವ ಮೆಟ್ಟಿಲಿಗೆ) ತಾಗುತ್ತಲೇ ಇಲ್ಲ, ಆ ದುಂಡಿನ ಮೇಲೆ ಹತ್ತಿ ಕೂತಿದೆ. 6206ರ ಅಂಚಿನ ದುಂಡು ಇರುವುದೇ 1 ಮಿ.ಮೀ. ಹಾಗಾಗಿ ಶಾಫ್ಟಿನದ್ದು ಅದಕ್ಕಿಂತ ಕಡಿಮೆ ಇರಬೇಕು. 0.8 ಮಾಡಿದೆ. ಲೇತಿನ ಇನ್ಸರ್ಟ್ ತುದಿಯ ದುಂಡು 0.8ರದ್ದೇ ಸಿಗುತ್ತದೆ, ತಿರುವುವವರಿಗೂ ಸುಲಭ.

ಇನ್ನೊಂದು, ಸರ್ಕ್ಲಿಪ್. ಬೇರಿಂಗ್ ಜಾರದ ಹಾಗೆ ಶಾಫ್ಟಿನ ಗ್ರೂವಿಗೆ (ಸುತ್ತ ಕೊರೆದ ಗೀರಿಗೆ) ಹಾಕುವ ಸ್ಪ್ರಿಂಗ್ ಬಳೆ ಅದು. ಫ್ರೀಕ್ಯಾಡಿನ ಫಾಸ್ಟನರ್ಸ್ ಆಡ್‌ಆನ್‌ನಲ್ಲಿ ಒಂದು ಕ್ಲಿಕ್ಕಿಗೆ ಬರುತ್ತದಲ್ಲ, ಎರಡೂ ಬೇರಿಂಗಿಗೆ ಹೊರಗಡೆಯಿಂದ ಹಾಕಿಬಿಟ್ಟಿದ್ದೆ. 30ರ ಶಾಫ್ಟಿಗೆ ಗ್ರೂವ್ ಅಗಲ 1.6, ತಳ 28.6. ಆದರೆ ಗ್ರೂವ್ ಅಂದರೂ ಚೂಪು ಮೂಲೆಯೇ ಅಲ್ವಾ? ಚಿಕ್ಕ ಪುಲ್ಲಿಯ ಪಕ್ಕದಲ್ಲೇ ಅದನ್ನು ಕೊರೆದರೆ ಹಳೇ ಕಾಯಿಲೆಯನ್ನು ನಾನೇ ಕರೆದು ತಂದ ಹಾಗೆ. ಆ ಕಡೆಯದನ್ನು ತೆಗೆದೆ. ಬದಲಿಗೆ ಪುಲ್ಲಿಗೂ ಬೇರಿಂಗಿಗೂ ನಡುವೆ ಒಂದು ಬುಷ್, ಅಂದರೆ ಕೊಳವೆಯಂಥ ತುಂಡು. ಬುಷ್ ಬೇರಿಂಗನ್ನೇ ಒತ್ತಬೇಕು, ಶಾಫ್ಟಿನ ಮೆಟ್ಟಿಲನ್ನಲ್ಲ. ಅದಕ್ಕೆ ಸೀಟಿನ ಉದ್ದವನ್ನು 16ರ ಬದಲು 15.5 ಇಟ್ಟೆ. ತುದಿಯಲ್ಲಿ ಎಂ8 ಬೋಲ್ಟು, ದಪ್ಪ ವಾಷರ್. ದೊಡ್ಡ ಪುಲ್ಲಿಯ ಕಡೆ ಎಳೆತ ಕಡಿಮೆ, ಅಲ್ಲಿ ಸರ್ಕ್ಲಿಪ್ ಇರಲಿ.

ಆಗಸ್ಟ್ 17

ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಎ3 ಹಾಳೆಯಲ್ಲಿ ಡ್ರಾಯಿಂಗ್ ತೆಗೆದು, ಲ್ಯಾಮಿನೇಟ್ ಮಾಡಿಸಿ ಕುಶಾಲನಗರಕ್ಕೆ ಒಯ್ದೆ. 40 ಮಿ.ಮೀ.ನ ಇಎನ್8 ಉಕ್ಕಿನ ರಾಡ್ ಅಲ್ಲೇ ಸಿಕ್ಕಿತು. ಬೇರಿಂಗ್ ಸೀಟಿಗೆ ಕೆ6 ಅನ್ನುವ ಅಳತೆಯ ಮಿತಿ ಬರೆದು, ಪಕ್ಕದಲ್ಲೇ 30.002ರಿಂದ 30.015 ಅಂತ ಬಿಡಿಸಿ ಬರೆದಿದ್ದೆ. 0.8ರ ಮೂಲೆಯನ್ನು ಐದು ಪಟ್ಟು ದೊಡ್ಡದು ಮಾಡಿ ಬೇರೆಯೇ ಚಿತ್ರ ಹಾಕಿದ್ದೆ. ಲೇತಿನವರು ಅದರ ಮೇಲೆ ಬೆರಳಿಟ್ಟು, ‘ಇಲ್ಲೇನಾ ಅಣ್ಣ ಹೋದ ಸಲ ಹೋಗಿದ್ದು?’ ಅಂದರು. ಚೀಲದಿಂದ ಮುರಿದ ತುಂಡು ತೆಗೆದು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಆಗಸ್ಟ್ 26

ಎರಡೂ ಸೀಟು ತಿರುವಿ ಆಯಿತು. ಮೈಕ್ರೋಮೀಟರಿನಲ್ಲಿ ಒಂದು 30.008, ಇನ್ನೊಂದು 30.011. ಮೂಲೆಯಲ್ಲಿ ಉಗುರು ಎಳೆದರೆ ಎಲ್ಲೂ ನಿಲ್ಲದೆ ಜಾರುತ್ತದೆ. ಕೀವೇ ಬಾಕಿ ಇದೆ, ಮಿಲ್ಲಿಂಗ್ ಮೆಷಿನ್ ಶುಕ್ರವಾರ ಬಿಡುವಾಗುತ್ತದಂತೆ.