ಕಾಲು ಗಂಟೆ ಓಡಿ ನಿಲ್ಲುತ್ತಿದ್ದ ಎಂಜಿನ್

ಬದಿಯಡ್ಕದ ಸಮೀಪ ಸಣ್ಣ ಎಂಜಿನ್‌ಗಳ ದುರಸ್ತಿ ಮಾಡುವ ನನಗೆ ಮೇ ತಿಂಗಳ ಕೊನೆಯ ದಿನಗಳೆಂದರೆ ಬಿಡುವಿಲ್ಲದ ಕಾಲ. ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗದ ಭಯವಿರುವುದರಿಂದ, ಮದ್ದು ಬಿಡುವ ಪಂಪಿನ ಎಂಜಿನ್ ಒಂದು ದಿನ ಕೆಟ್ಟು ನಿಂತರೂ ಕೃಷಿಕರಿಗೆ ಅದು ಸಣ್ಣ ತೊಂದರೆಯಲ್ಲ.

ಅಂತಹ ಒಂದು ಪೆಟ್ರೋಲ್ ಎಂಜಿನ್ ಒಂದೇ ವಾರದಲ್ಲಿ ಎರಡು ಸಲ ನನ್ನಲ್ಲಿಗೆ ಬಂದಿತ್ತು. ಕಾಲು ಗಂಟೆ ಓಡಿ ಸೊರಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ ಎಂಬುದು ದೂರು. ಎರಡು ಸಲವೂ ನಾನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್ ತೊಳೆದು, ಅಂಗಡಿಯಲ್ಲಿ ಐದು ನಿಮಿಷ ಓಡಿಸಿ ಕಳುಹಿಸಿದ್ದೆ. ಕಾಲು ಗಂಟೆಯ ದೂರನ್ನು ಐದು ನಿಮಿಷದಲ್ಲಿ ಪರೀಕ್ಷಿಸಿದ್ದು ನನ್ನ ತಪ್ಪು.

ಮೂರನೆಯ ಸಲ ನಾನೇ ತೋಟಕ್ಕೆ ಹೋದೆ. ಎಂಜಿನ್ ನಿಂತೊಡನೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದರೆ ಅದು ಒಣಗಿತ್ತು, ಅಂದರೆ ಸಿಲಿಂಡರಿಗೆ ಪೆಟ್ರೋಲ್ ತಲುಪುತ್ತಿರಲಿಲ್ಲ. ಬಿಸಿ ಸೈಲೆನ್ಸರಿಗೆ ತಾಗದಂತೆ, ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ಕೆಳಗೆ ಗಾಜಿನ ಬಾಟಲಿ ಹಿಡಿದು ತಳದ ಸ್ಕ್ರೂ ಸಡಿಲಿಸಿದಾಗ ನಾಲ್ಕು ಹನಿ ಬಿದ್ದು ನಿಂತಿತು. ಟ್ಯಾಂಕಿನಲ್ಲಿಯಾದರೋ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು. ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಉಸ್ಸೆಂದು ಗಾಳಿ ಒಳನುಗ್ಗಿತು, ಮರುಕ್ಷಣವೇ ಬಾಟಲಿಗೆ ಪೆಟ್ರೋಲ್ ನೂಲಿನಂತೆ ಇಳಿಯತೊಡಗಿತು.

ಟ್ಯಾಂಕಿನಿಂದ ಪೆಟ್ರೋಲ್ ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಆ ಗಾಳಿಗಾಗಿ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಇಲ್ಲಿ ಮೈಲುತುತ್ತು ಮತ್ತು ಸುಣ್ಣದ ತುಂತುರು ಅದರ ಮೇಲೆ ಸಿಡಿದು, ಒಣಗಿ, ತಿಳಿನೀಲಿ ಹಕ್ಕಳೆಯಾಗಿ ರಂಧ್ರವನ್ನು ಮುಚ್ಚಿಬಿಟ್ಟಿತ್ತು. ಎಂಜಿನ್ ಓಡಿದಂತೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಹರಿವು ನಿಲ್ಲುತ್ತಿತ್ತು. ಬಿಟ್ಟು ನಿಲ್ಲಿಸಿದರೆ ಎಲ್ಲಿಂದಲೋ ಸ್ವಲ್ಪ ಗಾಳಿ ಸೋರಿ ಮತ್ತೆ ಚಾಲೂ ಆಗುತ್ತಿತ್ತು. ಹಕ್ಕಳೆ ಕೆರೆದು ಗಾಳಿ ಹೊಡೆದೆ. ಅಂದು ಆ ಎಂಜಿನ್ ಸಂಜೆಯವರೆಗೂ ಓಡಿತು.

ಅಂದಿನಿಂದ ನಾನು ಮುಚ್ಚಳ, ಟ್ಯಾಂಕಿನ ಜಾಲರಿ, ಪೆಟ್ರೋಲ್ ತೆರೆದು ಮುಚ್ಚುವ ಕಾಕ್, ಪೈಪು, ಫಿಲ್ಟರ್ ಎಂಬ ಕ್ರಮದಲ್ಲಿ ಮೇಲಿನಿಂದ ಕೆಳಗೆ ಬರುತ್ತೇನೆ. ಬಟ್ಟಲಿನವರೆಗೆ ಹರಿವು ಸರಿಯಿದ್ದರೆ ಮಾತ್ರ ಕಾರ್ಬ್ಯುರೇಟರ್ ಬಿಚ್ಚುತ್ತೇನೆ. ಗಾಳಿ ಕಡಿಮೆ ಮಾಡುವ ಚೋಕ್ ಎಳೆದರೆ ಮಾತ್ರ ಓಡುವ ಎಂಜಿನ್ನಿನಲ್ಲಿ ಹೆಚ್ಚಾಗಿ ಜೆಟ್ಟೇ ಅರ್ಧ ಕಟ್ಟಿರುತ್ತದೆ, ಆಗಲೂ ಅದಕ್ಕೆ ತಂತಿ ತುರುಕಬಾರದು, ರಂಧ್ರ ಹಿಗ್ಗುತ್ತದೆ. ಹುಲ್ಲು ಕೊಚ್ಚುವ ಯಂತ್ರದಲ್ಲಿ ಪೆಟ್ರೋಲ್ ಎಳೆದುಕೊಳ್ಳಲು ಒತ್ತುವ ಪ್ರೈಮರ್ ಗುಳ್ಳೆಯನ್ನು ಒತ್ತಿದಷ್ಟೂ ಗಾಳಿಗುಳ್ಳೆಗಳೇ ಕಂಡರೆ ಟ್ಯಾಂಕಿನೊಳಗಿನ ಪೈಪು ಬಿರಿದಿದೆಯೇ ಎಂದು ಮೊದಲು ನೋಡುತ್ತೇನೆ.

ಗಾಜಿನ ಬಾಟಲಿ ಈಗ ಸದಾ ನನ್ನ ಚೀಲದಲ್ಲಿರುತ್ತದೆ. ಮಳೆಗಾಲವಿಡೀ ಟ್ಯಾಂಕಿನಲ್ಲೇ ಉಳಿದ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿ ಬೇರ್ಪಟ್ಟಿದ್ದರೆ, ಬಾಟಲಿಯ ತಳದಲ್ಲಿ ನೀರಿನ ಪದರ ಬರಿಗಣ್ಣಿಗೇ ಕಾಣುತ್ತದೆ. ಆಗ ಟ್ಯಾಂಕ್, ಬಟ್ಟಲು ಎರಡನ್ನೂ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿಯೇ ಮುಂದಿನ ಪರೀಕ್ಷೆ ಮಾಡುತ್ತೇನೆ.