ಕಾರವಾರಕ್ಕೆ ಹೋಗಿದ್ದು ವಿಮಾನ ನೋಡೋಕೆ

ಶಿರಸಿಯಿಂದ ಎರಡು ದಿನಕ್ಕೆ ಅಂತ ಹೊರಟಿದ್ದು. ಘಟ್ಟ ಇಳಿಯೋವಾಗ ನಿದ್ದೆ ಹೊಡೆದೆ, ಎದ್ದಿದ್ದು ಅಂಕೋಲಾದಲ್ಲಿ, ದಾರಿ ಬಗ್ಗೆ ಇಷ್ಟೇ. ಆದ್ರೆ ಒಂದು ಮಾತು ಹೇಳ್ಲೇಬೇಕು, ಆನ್‌ಲೈನಲ್ಲಿ ರೂಮ್ ಬುಕ್ ಮಾಡಿದ್ರೆ ಹಿಂದಿನ ದಿನ ಲಾಡ್ಜಿಗೆ ಒಂದು ಫೋನ್ ಹಾಕಿ. ದುಡ್ಡು ಕಟ್ಟಿದ ಮೆಸೇಜ್ ತೋರ್ಸಿದ್ರೂ ಕೌಂಟರಿನವ "ನಮ್ಗೆ ಬಂದೇ ಇಲ್ಲ ಸರ್, ಮದುವೆ ಪಾರ್ಟಿ ಇದೆ, ಫುಲ್ಲು" ಅಂದ. ಆ ದುಡ್ಡು ಇವತ್ತಿನ ತನಕ ವಾಪಸ್ ಬಂದಿಲ್ಲ.

ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಟ್ಯಾಗೋರ್ ಬೀಚಿಗೆ ಹೋದೆ. ಗೋಬಿ ಮಂಚೂರಿ ವಾಸನೆ ಎದುರು ಸಮುದ್ರದ ಗಾಳಿನೂ ಸೋಲುತ್ತೆ ಅಲ್ಲಿ. ಆದ್ರೆ ಟುಪೊಲೆವ್ ವಿಮಾನ ನೋಡಿ ಹೌದಪ್ಪಾ ಅನ್ನಿಸ್ತು. ಚಪಲ್ ಅನ್ನೋ ಹಳೇ ಯುದ್ಧನೌಕೆ ಹತ್ರಾನೇ ನಿಲ್ಲಿಸಿದ್ದಾರೆ. 1988ರಿಂದ 2017ರ ತನಕ ನೌಕಾಪಡೆಯಲ್ಲಿ ದುಡಿದ ಜಾತಿ ಇದು, ನಾಲ್ಕು ಇಂಜಿನ್, ಒಂದೊಂದಕ್ಕೂ ಒಂದರ ಹಿಂದೊಂದು ಎರಡೆರಡು ಫ್ಯಾನು. ನಾನು ಬಾಯಿ ಬಿಟ್ಕೊಂಡು ಎಣಿಸ್ತಿದ್ದೆ, ಪಕ್ಕದಲ್ಲಿ ಲುಂಗಿ ಉಟ್ಟ ಹಿರಿಯರೊಬ್ರು "ಇದು ದೊಡ್ಡದು. ನಮ್ಮ ಹುಡ್ಗ ಕಲೀತಿದ್ದುದ್ರಲ್ಲಿ ಮಾಸ್ತರು ಪಕ್ಕದಲ್ಲೇ ಕೂರೋದು" ಅಂದ್ರು.

ತಂಗಿ ಮಗ ಅಂತೆ. ಪೈಲಟ್ ಆಗ್ಲಿಕ್ಕೆ ಹೋದವ ಟ್ರೈನಿಂಗ್‌ನಲ್ಲೇ ತೀರಿಕೊಂಡ. ದೀಪಕ್ ಅನ್ನೋ ತರಬೇತಿ ವಿಮಾನದ ಕಾಲ ಅದು, ಅಪಾಯ ಬಂದ್ರೆ ಪೈಲಟ್‌ನ ಸೀಟು ಸಮೇತ ಹೊರಗೆ ಎಸೆಯೋ ಎಜೆಕ್ಷನ್ ಸೀಟೇ ಅದ್ರಲ್ಲಿ ಇರ್ಲಿಲ್ಲ. 2009ರಲ್ಲಿ ಅದನ್ನ ಹಾರಿಸೋದು ನಿಲ್ಲಿಸಿದ್ರು, ಅದ್ರ ಬದ್ಲಿಗೆ 2013ಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನ ಬಂತು. "ನಮ್ಮವ ಅಷ್ಟೊತ್ತಿಗೆ ಹೋಗಿಯಾಗಿತ್ತು" ಅಂದ್ರು, ಬಸ್ಸು ಹೋಗಿಯಾಗಿತ್ತು ಅಂದ ಹಾಗೆ.

ರಾಮ ರಾಘೋಬಾ ರಾಣೆಯವರ ಪ್ರತಿಮೆನೂ ಇದೇ ಊರಲ್ಲಿದೆ ಅಲ್ವಾ, ಚೆಂಡಿಯಾದವರು, 1948ರಲ್ಲಿ ರಜೌರಿ ದಾರೀಲಿ ಮೈನ್ ತೆಗೆದು ಪರಮವೀರ ಚಕ್ರ ತಗೊಂಡವರು. ಅದರ ಮಾತು ತೆಗೆದೆ. "ಅವ್ರಿಗೆ ಕೈ ಮುಗ್ದೇ ಮುಂದೆ ಹೋಗ್ತೆ ನಾನು. ಆದ್ರೆ ಕಲೀಲಿಕ್ಕೆ ಹೋಗಿ ಸತ್ತವನಿಗೆ ಏನು ಬರೆಸೋದು ತಮ್ಮಾ? ಯುದ್ಧಾನೂ ಅಲ್ಲ, ಶತ್ರೂನೂ ಇಲ್ಲ." ನನ್ನ ಹತ್ರ ಉತ್ತರ ಇರ್ಲಿಲ್ಲ, ರೂಮ್ ಇಲ್ಲದ ಕಥೆ ಹೇಳ್ದೆ. ಬನ್ನಿ, ಚಾ ಕುಡ್ದು ಹೋಗಿ, ಅಂಕೋಲಾ ಬಸ್ಸು ನಮ್ಮನೆ ಎದುರೇ ನಿಲ್ಲುತ್ತೆ ಅಂತ ಸ್ಕೂಟರಿನಲ್ಲಿ ಕೂರಿಸ್ಕೊಂಡೇ ಬಿಟ್ರು.

ಮನೆ ಇರೋದು ಸೀಬರ್ಡ್ ನಿರಾಶ್ರಿತರ ಕಾಲೊನೀಲಿ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರು. ತಂಗಿನೂ ಇವ್ರ ಜೊತೆಗೇ ಇರೋದು. ಚಾ ಬದ್ಲು ಅವ್ರು ಮುರುಗಲ ಪಾನಕ ಕೊಟ್ರು, ಸಕ್ಕರೆ ಸಿಕ್ಕಾಪಟ್ಟೆ, ನಮ್ಮನೇಲಾದ್ರೆ ನಾನು ಜಗಳ ತೆಗೀತಿದ್ದೆ, ಅಲ್ಲಿ ಎರಡು ಲೋಟ ಕುಡಿದೆ.

ಒಳಗಿನ ಗೋಡೆಗೆ ಹಳೇ ಕ್ಯಾಲೆಂಡರ್ ಹಾಳೆ, ಹಿಂದುಮುಂದಾಗಿ ಅಂಟಿಸಿದ್ದು. ಅದ್ರ ಮೇಲೆ ಆ ಹುಡುಗ ವಿಮಾನದ ಮೀಟರುಗಳು ಅಂತ ಬರೆದ ಪೆನ್ಸಿಲಿನ ವೃತ್ತಗಳು, ಸ್ಟೀಲ್ ಡಬ್ಬಿ ಮುಚ್ಚಳ ಇಟ್ಟು ಗೆರೆ ಎಳೆದಿದ್ದಂತೆ. ಎತ್ತರ, ವೇಗ, ಎಣ್ಣೆ, ಕೆಳಗೆ ಕನ್ನಡದಲ್ಲೇ ಬರೆದಿದ್ದ, ಅಮ್ಮನಿಗೆ ಇಂಗ್ಲಿಷ್ ಬರಲ್ಲ ಅಂತ. ರಜೆಗೆ ಬಂದಾಗ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಲಟ್ಟಣಿಗೆನ ಮೊಣಕಾಲ ನಡುವೆ ನಿಲ್ಲಿಸ್ಕೊಂಡು ಅದೇ ಸ್ಟಿಕ್ಕು ಅಂತ ಹಿಡ್ಕೊಂಡು ಕೂರ್ತಿದ್ನಂತೆ. ಕಣ್ಣಿಗೆ ಟವೆಲ್ ಕಟ್ಕೊಂಡು ಯಾವ ಮೀಟರ್ ಎಲ್ಲಿದೆ ಅಂತ ಬೆರಳಿಟ್ಟು ಹೇಳ್ಬೇಕು, ಅವ್ರು ಸರಿ ತಪ್ಪು ನೋಡ್ಬೇಕು. "ಚಪಾತಿಗೆ ಲೇಟಾಗ್ತದೆ, ಕೊಡೋ ಅಂದ್ರೆ, ಲ್ಯಾಂಡ್ ಆಗ್ಲಿ ತಡಿ ಅಮ್ಮಾ ಅಂತಿದ್ದ." ವೇಗದ ವೃತ್ತದ ಹತ್ರ ಹಾಳೆ ಸವೆದು ತೂತಾಗಿತ್ತು. ಮನೆಗೆ ಸುಣ್ಣ ಹೊಡೆಸಿದಾಗೆಲ್ಲ ಆ ಚೌಕ ಒಂದು ಬಿಟ್ಟು ಹೊಡೆಸಿದ್ದಾರೆ, ಸುತ್ತ ನೀಲಿ, ಹಾಳೆ ಅಂಚಲ್ಲಿ ಹಳೇ ಹಳದಿ ಇಣುಕುತ್ತೆ.

ನಿಮ್ಗೆ ಇನ್ನೂ ನೆನಪಿದ್ಯಾ ಅಕ್ಕಾ ಅಂತ ಕೇಳ್ದೆ, ಕೇಳ್ಬಾರ್ದಿತ್ತೇನೋ. ಅವ್ರು ಸೆರಗಲ್ಲಿ ಕೈ ಒರೆಸ್ಕೊಂಡು ಹಾಳೆ ಎದುರು ನಿಂತು, ಹಾರೋ ಮುಂಚೆ ಪೈಲಟ್ ನೋಡ್ಕೋಬೇಕಾದ್ದರ ಪಟ್ಟಿ ಹೇಳ್ತಾ ಹೋದ್ರು. "ಟ್ರಿಮ್, ಫ್ಯೂಯಲ್, ಫ್ಲಾಪ್..." ನಡುವೆ ಒಂದು ತಪ್ಪಿತು. "ಒಂದು ಬಿಟ್ರೂ ಮೊದ್ಲಿಂದ ಹೇಳ್ಬೇಕಂತೆ" ಅಂತ ಮತ್ತೆ ಶುರು ಮಾಡಿದ್ರು. ಬಸ್ ಬಂತು ಬನ್ನಿ ಅಂತ ಅಣ್ಣ ಹೊರಗಿಂದ ಕೂಗ್ತಿದ್ರು, ಅವ್ರಿನ್ನೂ ಫ್ಲಾಪ್ ಹತ್ರ ಇದ್ರು.